ಡ್ರಮ್ಮರ್ ಇಲ್ಲದ ಬ್ಯಾಂಡ್ ಮತ್ತೆ ಸೇರಬಹುದೇ?

ಪ್ರಶ್ನೆ: ನನಗೆ 59 ವರ್ಷ. ಊರು ಬೆಂಗಳೂರು, ವೃತ್ತಿ ಎಂಜಿನಿಯರ್, ನಿವೃತ್ತಿ ಹತ್ತಿರದಲ್ಲಿದೆ. 1984ರಿಂದ 88ರವರೆಗೆ ಕಾಲೇಜಿನಲ್ಲಿದ್ದಾಗ ನಾವು ನಾಲ್ಕು ಜನ ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದೆವು. ನಾನು ಲೀಡ್ ಗಿಟಾರ್. ಲೆಡ್ ಜೆಪ್ಪೆಲಿನ್, ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್ ಹಾಡುಗಳನ್ನು ಕ್ಯಾಸೆಟ್ ತಿರುಗಿಸಿ ತಿರುಗಿಸಿ ಕೇಳಿ ಕಲಿತು ಕಾಲೇಜ್ ಫೆಸ್ಟ್‌ಗಳಲ್ಲಿ ನುಡಿಸುತ್ತಿದ್ದೆವು. ಕೆಲಸ, ಸಂಸಾರ ಅಂತ ಬ್ಯಾಂಡ್ ನಿಂತರೂ ಸ್ನೇಹ ನಿಲ್ಲಲಿಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದಾಗ ನಾಲ್ವರೂ ಒಟ್ಟಿಗೇ ಹೋಗಿದ್ದೆವು. 2021ರ ಮೇ ತಿಂಗಳಲ್ಲಿ ನಮ್ಮ ಡ್ರಮ್ಮರ್ ಕೊರೊನಾದಲ್ಲಿ ಹೋಗಿಬಿಟ್ಟ. ಮುಖ ನೋಡುವುದಕ್ಕೂ ಆಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಸ್ಟೋನ್ಸ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್ ಹೋದ.

ಈಗ ಉಳಿದ ಇಬ್ಬರು, ಬರುವ ಫೆಬ್ರುವರಿಯಲ್ಲಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಮಾರಂಭದಲ್ಲಿ ಮತ್ತೆ ನುಡಿಸೋಣ ಅಂತ ಮನೆಗೆ ಬಂದರು. ಹಳೆಯ ಹೆಸರಿನಲ್ಲೇ. ಡ್ರಮ್ಸ್‌ಗೆ ಅವನ ಮಗ ಇದ್ದಾನಲ್ಲ ಅಂದರು. ಹುಡುಗನಿಗೆ 27, ಚೆನ್ನಾಗಿ ನುಡಿಸುತ್ತಾನೆ, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಎಲ್ಲಿತ್ತೋ ಕೋಪ. ಡ್ರಮ್ಮರ್ ಬಾನಮ್ ಸತ್ತಾಗ ಜೆಪ್ಪೆಲಿನ್ ಬ್ಯಾಂಡನ್ನೇ ಮುಚ್ಚಿದರು, ಅದು ಮರ್ಯಾದೆ. ಗಾಯಕ ಫ್ರೆಡ್ಡಿ ಇಲ್ಲದ ಕ್ವೀನ್ ಕ್ವೀನೇ ಅಲ್ಲ. ಈಗ ರಶ್ ಕೂಡ ಹೊಸ ಡ್ರಮ್ಮರ್ ಕಟ್ಟಿಕೊಂಡು ಹೊರಟಿರುವುದು ದುಡ್ಡಿಗಾಗಿ ಎಂದೆಲ್ಲ ಕೂಗಾಡಿದೆ. ಅವರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಆಮೇಲೆ ಫೋನ್ ಇಲ್ಲ.

ಜುಲೈನಲ್ಲಿ ಬ್ಲ್ಯಾಕ್ ಸಬ್ಬತ್ ಗಾಯಕ ಆಜಿ ಆಸ್ಬರ್ನ್ ತೀರಿಕೊಂಡಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ‘ಅವರ್ಯಾರೋ ಬರ್ಮಿಂಗ್‌ಹ್ಯಾಮ್‌ನವರು ಹೋದರೆ ನೀನ್ಯಾಕಪ್ಪಾ ಊಟ ಬಿಡ್ತೀಯ’ ಅಂತ ಮಗಳು ಕೇಳುತ್ತಾಳೆ. ನಾನು ಮಾಡುತ್ತಿರುವುದು ಹುಚ್ಚೇ? ಗೆಳೆಯರಿಗೆ ಹೇಳಿದ್ದು ತಪ್ಪೇ? ಇನ್ನೊಂದು ಮಾತು: ನೀವು ಈ ಸಂಗೀತ ಕೇಳುವವರಾದರೆ, ನಿಮ್ಮ ಪ್ರಕಾರ ಒಪ್ಪುವಂಥ ರೀಯೂನಿಯನ್ ಯಾವುದು?
— ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಮಗಳ ಪ್ರಶ್ನೆ ತೆಗೆದುಕೊಳ್ಳೋಣ. ಅದಕ್ಕೆ ಉತ್ತರ ಹೇಳುವುದು ಸುಲಭ, ಆದರೆ ಅದರೊಳಗೆ ನಿಮ್ಮ ಗೆಳೆಯರ ವಿಷಯವೂ ಇದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಕಂಠೀರವ ಕ್ರೀಡಾಂಗಣದ ಮುಂದೆ ನಿಂತು ಅತ್ತವರಲ್ಲಿ ಬಹುಪಾಲು ಜನ ಅವರನ್ನು ಹತ್ತಿರದಿಂದ ಒಮ್ಮೆಯೂ ಮಾತನಾಡಿಸಿದವರಲ್ಲ. ಅದರ ಹಿಂದಿನ ವರ್ಷ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೋದಾಗ ಎಷ್ಟು ಅಡುಗೆಮನೆಗಳಲ್ಲಿ ಅವರ ಹಾಡು ಹಾಕಿಕೊಂಡು ಕಣ್ಣೊರೆಸಿಕೊಂಡರು! ಯಾರೂ ಅವರನ್ನು ಹುಚ್ಚರು ಎನ್ನಲಿಲ್ಲ. ಪಕ್ಕದ ಮನೆಯವರೂ ಅಳುತ್ತಿದ್ದರು, ಆಟೋದವರೂ ಅಳುತ್ತಿದ್ದರು, ಅಷ್ಟೇ. ನಿಮ್ಮ ಮನೆಯಲ್ಲಿ ಆಜಿಗಾಗಿ ಮರುಗುವವರು ನೀವೊಬ್ಬರೇ. ಸಂಕಟ ಅದೇ, ಜೊತೆಗೆ ಕೂರುವವರಿಲ್ಲ. ಸುತ್ತಲಿನವರು ‘ಇದಕ್ಕೆಲ್ಲ ದುಃಖಪಡಬೇಕೇ’ ಎಂದು ತಳ್ಳಿಹಾಕಿದ ದುಃಖ ಹೆಚ್ಚು ಕಾಲ ಉಳಿಯುತ್ತದೆ, ಬೇರೆ ದಾರಿಯಲ್ಲಿ ಹೊರಗೆ ಬರುತ್ತದೆ. ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ, ಆಪ್ತಸಲಹೆಯ ನಮ್ಮ ವೃತ್ತಿಯಲ್ಲಿ ಬಹುತೇಕರು ಒಪ್ಪಿದ ಮಾತು ಅದು.

ಆಜಿಯ ಸಾವು ನಿಮ್ಮನ್ನು ಇಷ್ಟು ಅಲ್ಲಾಡಿಸಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ತಾನು ಬೆಳೆದ ಆಸ್ಟನ್‌ನಲ್ಲೇ, ಆತ ಕೊನೆಯ ಸಲ ಹಾಡಿದ. ಪಾರ್ಕಿನ್‌ಸನ್ ಕಾಯಿಲೆಯಿಂದ ನಿಲ್ಲುವ ಶಕ್ತಿಯಿರಲಿಲ್ಲ, ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ. ಪಕ್ಕದಲ್ಲಿ ಟೋನಿ ಐಯೋಮಿ, ಗೀಜರ್ ಬಟ್ಲರ್, ಹಿಂದೆ ಡ್ರಮ್ಸ್‌ನಲ್ಲಿ ಬಿಲ್ ವಾರ್ಡ್. 1968ರಲ್ಲಿ ಬ್ಲ್ಯಾಕ್ ಸಬ್ಬತ್ ಆಗಿ ಒಟ್ಟುಗೂಡಿದ ಅದೇ ನಾಲ್ವರು. ಹದಿನೇಳು ದಿನ ಕಳೆಯುವಷ್ಟರಲ್ಲಿ ಆತ ಇಲ್ಲ. ನಾಲ್ವರಿಗೂ ಒಟ್ಟಿಗೆ ನಿಂತು ‘ಹೋಗಿಬರುತ್ತೇವೆ’ ಎನ್ನುವ ಅವಕಾಶ ಸಿಕ್ಕಿತು. ನಿಮ್ಮ ನಾಲ್ವರಿಗೆ ಸಿಗಲಿಲ್ಲ. ಮುಖ ನೋಡುವುದಕ್ಕೂ ಆಗಲಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿದ್ದೀರಿ. ಆ ಮೇ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಹನ್ನೊಂದನೇ ದಿನದ ಕಾರ್ಯವೂ ನಾಲ್ಕು ಜನರಲ್ಲಿ ಮುಗಿದುಹೋಯಿತು. ಬಂಧುಬಳಗ, ಸ್ನೇಹಿತರು ಪಂಕ್ತಿಯಲ್ಲಿ ಕೂತು ಊಟ ಮಾಡುತ್ತ, ಹೋದವರ ಕತೆ ಹೇಳಿಕೊಂಡು ನಕ್ಕು ಅತ್ತು ಎದ್ದುಬರುವ ಆ ಮಧ್ಯಾಹ್ನಗಳು ಯಾರಿಗೂ ಸಿಗಲಿಲ್ಲ. ಆಗ ಸೇರಲಾಗದವರು ನಾಲ್ಕು ವರ್ಷದ ಮೇಲೂ ನನ್ನ ಬಳಿಗೆ ಬರುತ್ತಲೇ ಇದ್ದಾರೆ, ಬೇರೆ ಬೇರೆ ಕಾರಣ ಹೇಳಿಕೊಂಡು.

ಮಗಳಿಗೆ ಇದನ್ನು ಹೀಗೇ ಹೇಳಿ. ಆಕೆ ಕೇಳಿದ್ದು ಗೇಲಿಗಲ್ಲ, ಅಪ್ಪ ಊಟ ಬಿಟ್ಟದ್ದಕ್ಕೆ. ಆಮೇಲೆ ಇನ್ನೊಂದು ವಿಷಯ ಯೋಚಿಸಿ: ಆಜಿ ಹೋದದ್ದಕ್ಕೆ ನಿಮ್ಮಷ್ಟೇ ಕಲಕಿಹೋಗುವ ಇಬ್ಬರು ಇದೇ ಊರಿನಲ್ಲಿದ್ದಾರೆ. ನೀವು ಮಾತು ಬಿಟ್ಟಿರುವುದು ಅವರ ಜೊತೆಗೇ.

ಈಗ ಮುಖ್ಯ ವಿಷಯ. ಬಾನಮ್ ಸತ್ತಾಗ ಜೆಪ್ಪೆಲಿನ್ ನಿಲ್ಲಿಸಿದರು, ಅದು ಮರ್ಯಾದೆ ಎಂದಿರಿ. ನಿಜ. ಜಾನ್ ಬಾನಮ್ ಸತ್ತದ್ದು 1980ರ ಸೆಪ್ಟೆಂಬರ್ 25ರಂದು, 32ನೇ ವಯಸ್ಸಿಗೆ. ಡಿಸೆಂಬರ್‌ನಲ್ಲಿ ಉಳಿದ ಮೂವರು ಮುಂದುವರಿಯುವುದಿಲ್ಲ ಎಂದು ಪ್ರಕಟಿಸಿದರು. ಆದರೆ ಅದೇ 1980ರಲ್ಲಿ ಇನ್ನೊಂದು ಬ್ಯಾಂಡ್‌ನ ಕತೆಯೂ ನಡೆಯಿತಲ್ಲ. ಫೆಬ್ರುವರಿ 19ರಂದು ಎಸಿ/ಡಿಸಿ ಗಾಯಕ ಬಾನ್ ಸ್ಕಾಟ್ ಸತ್ತ. ಬ್ಯಾಂಡಿನ ಯಂಗ್ ಸಹೋದರರು ಎಲ್ಲವನ್ನೂ ನಿಲ್ಲಿಸುವ ಯೋಚನೆಯಲ್ಲಿದ್ದಾಗ ಮುಂದುವರಿಯಿರಿ ಎಂದು ಹೇಳಿದವರು ಬಾನ್‌ನ ಹೆತ್ತವರೇ. ಬ್ರಯಾನ್ ಜಾನ್ಸನ್ ಹಾಡಿದ ‘ಬ್ಯಾಕ್ ಇನ್ ಬ್ಲ್ಯಾಕ್’ ಆ ಜುಲೈನಲ್ಲೇ ಹೊರಬಂತು. ಆ ಎಲ್‌ಪಿ ನಿಮ್ಮ ಹತ್ತಿರ ಇದ್ದರೆ ಒಮ್ಮೆ ಹೊರಗೆ ತೆಗೆಯಿರಿ. ಹೊದಿಕೆ ಪೂರ್ತಿ ಕಪ್ಪು, ಅದು ಶೋಕದ ಬಣ್ಣ. ಮುಳ್ಳು ಇಟ್ಟರೆ ಮೊದಲು ಕೇಳುವುದು ಗಿಟಾರ್ ಅಲ್ಲ, ಗಂಟೆ. ನಿಧಾನವಾಗಿ, ಒಂದಾದ ಮೇಲೊಂದು ಏಟು, ಸಾವಿನ ಮನೆಯ ಗಂಟೆಯಂತೆ. ಅದರ ಮೇಲೆ ಗಿಟಾರ್ ಮೆಲ್ಲಗೆ ಏರುತ್ತದೆ. ಹೋದವನನ್ನು ಮರೆತವರು ಹಾಗೆ ಶುರು ಮಾಡುವುದಿಲ್ಲ. ಒಂದೇ ವರ್ಷ, ಎರಡು ಸಾವು. ಒಬ್ಬರು ನಿಲ್ಲಿಸಿದರು, ಇನ್ನೊಬ್ಬರು ಮುಂದೆ ಹೋದರು. ಇಬ್ಬರೂ ಗೆಳೆಯನಿಗೆ ದ್ರೋಹ ಮಾಡಲಿಲ್ಲ ಎಂದೇ ನನ್ನ ನಂಬಿಕೆ.

ಜೆಪ್ಪೆಲಿನ್ ಕತೆಯೂ ನೀವು ಹೇಳಿದಲ್ಲಿಗೆ ಮುಗಿಯುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1985ರ ಜುಲೈ 13ರಂದು ಫಿಲಡೆಲ್ಫಿಯಾದ ಲೈವ್ ಏಡ್‌ನಲ್ಲಿ ಮೂವರೂ ವೇದಿಕೆ ಹತ್ತಿದರು. ಫಿಲ್ ಕಾಲಿನ್ಸ್ ಲಂಡನ್ನಿನಲ್ಲಿ ಹಾಡಿ ಕಾಂಕಾರ್ಡ್ ವಿಮಾನದಲ್ಲಿ ಬಂದು ನೇರ ಡ್ರಮ್ಸ್ ಮುಂದೆ ಕೂತ, ಪಕ್ಕದಲ್ಲಿ ಇನ್ನೊಬ್ಬ ಡ್ರಮ್ಮರ್ ಟೋನಿ ಥಾಂಪ್ಸನ್. ತಾಲೀಮಿಗೆ ಸಮಯವೇ ಇರಲಿಲ್ಲ. ರಾಬರ್ಟ್ ಪ್ಲಾಂಟ್ ಗಂಟಲು ಕಟ್ಟಿತ್ತು, ಜಿಮ್ಮಿ ಪೇಜ್ ಗಿಟಾರ್ ಶ್ರುತಿ ತಪ್ಪಿತ್ತು. ಮುಂದೆ ಡಿವಿಡಿ ಬಂದಾಗ ತಮ್ಮ ಭಾಗ ಸೇರಿಸಲು ಅವರು ಒಪ್ಪಲೇ ಇಲ್ಲ. 1988ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್‌ನ 40ನೇ ವರ್ಷದ ಸಮಾರಂಭದಲ್ಲಿ ಬಾನಮ್ ಮಗ ಜೇಸನ್‌ನನ್ನು ಕೂರಿಸಿಕೊಂಡು ನುಡಿಸಿದರು, ಅದೂ ಹದಕ್ಕೆ ಬರಲಿಲ್ಲ. ಆಮೇಲೆ ಸುಮಾರು 20 ವರ್ಷ ಆ ಹೆಸರಿನಲ್ಲಿ ಪೂರ್ತಿ ಕಾರ್ಯಕ್ರಮವಿಲ್ಲ.

2007ರ ಡಿಸೆಂಬರ್ 10ರ ರಾತ್ರಿ ಲಂಡನ್ನಿನ ಓ2 ಅರೀನಾದಲ್ಲಿ ಕತೆ ಬದಲಾಯಿತು. ತಮ್ಮನ್ನು ಬೆಳೆಸಿದ, ಅದೇ ಅಟ್ಲಾಂಟಿಕ್ ಕಂಪನಿಯ ಅಹ್ಮೆತ್ ಎರ್ಟೆಗನ್ ನೆನಪಿಗಾಗಿ ಒಪ್ಪಿಕೊಂಡ ಕಛೇರಿ. ಈ ಸಲ ವಾರಗಟ್ಟಲೆ ತಾಲೀಮು ಮಾಡಿದರು. ನವೆಂಬರ್ 26ಕ್ಕೆ ಗೊತ್ತಾಗಿದ್ದ ಕಾರ್ಯಕ್ರಮವನ್ನು ಪೇಜ್ ಬೆರಳು ಮುರಿದಾಗ ಮುಂದಕ್ಕೆ ಹಾಕಿದರೇ ಹೊರತು ಹೇಗೋ ಒಂದು ನಡೆಸಿಬಿಡೋಣ ಎನ್ನಲಿಲ್ಲ. ಡ್ರಮ್ಸ್‌ನಲ್ಲಿ ಮತ್ತೆ ಜೇಸನ್. 1976ರಲ್ಲಿ ಬಿಡುಗಡೆಯಾದ ಅವರ ಸಿನಿಮಾದಲ್ಲಿ ಅಪ್ಪನ ಜೊತೆ ಪುಟ್ಟ ಡ್ರಮ್ ಸೆಟ್ ಬಡಿಯುವ ಕೂಸು ಇದ್ದಾನಲ್ಲ, ಅವನೇ. ಅಪ್ಪ ಸತ್ತಾಗ 14, ಓ2ದಲ್ಲಿ ಕೂತಾಗ 41. ಮೊದಲು ನುಡಿಸಿದ್ದು ತಮ್ಮ ಮೊದಲ ಎಲ್‌ಪಿಯ ಮೊದಲ ಹಾಡು. ಆ ರಾತ್ರಿಯ ಹದಿನಾರು ಹಾಡುಗಳ ಪಟ್ಟಿಯಲ್ಲಿ ‘ಮೋಬಿ ಡಿಕ್’ ಇರಲಿಲ್ಲ, ಅಂದರೆ ಜಾನ್ ಬಾನಮ್ ಒಬ್ಬನೇ ನಿಮಿಷಗಟ್ಟಲೆ, ಕೋಲು ಬಿಟ್ಟು ಬರಿಗೈಯಲ್ಲೂ ಬಾರಿಸುತ್ತಿದ್ದ ಆ ಸೋಲೋ. ಯಾಕೆ ಬಿಟ್ಟರೆಂದು ನಾನು ಹೇಳಲಾರೆ, ಆದರೆ ಬಿಟ್ಟದ್ದು ಸರಿ ಅನ್ನಿಸುತ್ತದೆ. ಮರುದಿನದಿಂದ ಪ್ರವಾಸ ಹೊರಡಿ ಎಂದು ಜಗತ್ತೆಲ್ಲ ದುಂಬಾಲು ಬಿದ್ದಿತು. ಪ್ಲಾಂಟ್ ಒಪ್ಪಲಿಲ್ಲ. ಒಂದು ರಾತ್ರಿ ಸಾಕೆಂದು ನಿಂತುಬಿಟ್ಟ. ಅದು ಕೂಡ ಅವರದೇ ತೀರ್ಮಾನ.

ಇಷ್ಟು ಹೇಳಿದ್ದು ನಿಮ್ಮನ್ನು ವಾದದಲ್ಲಿ ಸೋಲಿಸುವುದಕ್ಕಲ್ಲ. ಫ್ರೆಡ್ಡಿ ಇಲ್ಲದ ಕ್ವೀನ್ ನಿಮಗೆ ಬೇಡವೇ, ಬೇಡ. ಆ ಅಭಿಪ್ರಾಯ ಇಟ್ಟುಕೊಳ್ಳುವುದು ಅಭಿಮಾನಿಯ ಹಕ್ಕು, ನಲವತ್ತು ವರ್ಷ ಕೇಳಿದವರಿಗೆ ಇನ್ನೂ ಜಾಸ್ತಿ ಹಕ್ಕು. ಆದರೆ ಜೆಪ್ಪೆಲಿನ್ ವಿಷಯದಲ್ಲಿ ನೀವು ಅಭಿಮಾನಿ. ನಿಮ್ಮ ಬ್ಯಾಂಡ್ ವಿಷಯದಲ್ಲಿ ನೀವು ಅಭಿಮಾನಿಯಲ್ಲ, ಉಳಿದ ಮೂವರಲ್ಲಿ ಒಬ್ಬರು. ನೀವು ಪೇಜ್ ಇದ್ದ ಜಾಗದಲ್ಲಿದ್ದೀರಿ. ಅಲ್ಲಿ ನಿಂತವನಿಗೆ ಟಿಕೆಟ್ ಕೊಂಡವನ ತೀರ್ಪು ಸಾಲದು. ಉಳಿದವರ ಜೊತೆ ಕೂತು, ಅವನ ಮನೆಯವರ ಜೊತೆ ಕೂತು ತೀರ್ಮಾನಕ್ಕೆ ಬರಬೇಕು. 1980ರಲ್ಲಿ ನಿಲ್ಲಿಸಿದವರೂ ಮುಂದುವರಿದವರೂ ಹಾಗೇ ಮಾಡಿದರು. ನಿಮ್ಮಲ್ಲಿ ಆಗದೇ ಉಳಿದದ್ದು ಅದೊಂದೇ.

ರಶ್ ಬಗ್ಗೆ ನೀವು ಹೇಳಿದ್ದನ್ನು ಮಾತ್ರ ನಾನು ಒಪ್ಪಲಾರೆ. ಅವರ ಡ್ರಮ್ಮರ್ ನೀಲ್ ಪಿಯರ್ಟ್ 2020ರ ಜನವರಿ 7ರಂದು ಮೆದುಳಿನ ಕ್ಯಾನ್ಸರ್‌ನಿಂದ ಹೋದ. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಕಾಯಿಲೆ ಹೊರಗೆ ಗೊತ್ತಾಗದಂತೆ ಬ್ಯಾಂಡಿನ ಉಳಿದಿಬ್ಬರಾದ ಗೆಡ್ಡಿ ಲೀ, ಅಲೆಕ್ಸ್ ಲೈಫ್‌ಸನ್ ಮತ್ತು ಮನೆಯವರು ಕಾಪಾಡಿದರು. ಆತ ಹೋದ ಮೇಲೂ ಐದು ವರ್ಷಕ್ಕಿಂತ ಹೆಚ್ಚು ಕಾಲ ಪ್ರವಾಸಕ್ಕೆ ಕೈಹಾಕದೆ, 2025ರ ಅಕ್ಟೋಬರ್‌ನಲ್ಲಿ ಮುಂದಿನ ವರ್ಷ ಪ್ರವಾಸ ಹೊರಡುತ್ತೇವೆಂದು, ಜರ್ಮನಿಯ ಆನಿಕಾ ನಿಲ್ಲೆಸ್ ಡ್ರಮ್ಸ್ ನುಡಿಸುತ್ತಾಳೆಂದು ಪ್ರಕಟಿಸಿದರು. ಆ ಪ್ರಕಟಣೆಯ ಜೊತೆಗೇ ನೀಲ್‌ನ ಹೆಂಡತಿ ಮತ್ತು ಮಗಳ ಮಾತೂ ಬಂತು, ನಮ್ಮ ಒಪ್ಪಿಗೆಯಿದೆ ಎಂದು. ಕೇಳಬೇಕಾದವರನ್ನು ಕೇಳಿ ಹೊರಟವರನ್ನು ದುಡ್ಡಿಗೆ ಹೊರಟವರು ಎನ್ನಬಾರದು.

ನಿಮ್ಮ ಪತ್ರವನ್ನು ಮತ್ತೆ ನೋಡಿದೆ. ಗೆಳೆಯರಿದ್ದಾರೆ, ಮಗನಿದ್ದಾನೆ, ನಿಮ್ಮ ಮಗಳಿದ್ದಾಳೆ, ಹೊರದೇಶದ ಎಷ್ಟೋ ಸಂಗೀತಗಾರರಿದ್ದಾರೆ. ನಿಮ್ಮ ಡ್ರಮ್ಮರ್ ಹೆಂಡತಿ ಎಲ್ಲೂ ಇಲ್ಲ. ನೀವೂ ಆಕೆಯನ್ನು ಕೇಳಿಲ್ಲ, ಬ್ಯಾಂಡ್ ಮತ್ತೆ ಸೇರಿಸೋಣ ಎಂದು ಬಂದ ಇಬ್ಬರೂ ಕೇಳಿದ ಹಾಗೆ ಕಾಣಿಸುವುದಿಲ್ಲ. ಮಗನನ್ನಾದರೂ ಕೇಳಿದರೋ ಇಲ್ಲವೋ? ‘ಅವನ ಮಗ ಇದ್ದಾನಲ್ಲ’ ಎನ್ನುವ ಮಾತಿನಲ್ಲಿ ಹುಡುಗನ ಒಪ್ಪಿಗೆ ಇರಲಿಕ್ಕಿಲ್ಲ.

ಹಾಗಾಗಿ ನೀವು ಮೊದಲು ಮಾಡಬೇಕಾದ ಕೆಲಸ ಆ ಮನೆಗೆ ಹೋಗುವುದು. ಅದಕ್ಕೂ ಮುಂಚೆ ಗೆಳೆಯರಿಬ್ಬರಿಗೆ ನೀವೇ ಫೋನ್ ಮಾಡಿ, ಮೂವರೂ ಒಟ್ಟಿಗೆ ಹೋಗಿ. ಫೋನ್‌ನಲ್ಲಿ ಫೆಬ್ರುವರಿ ಮಾತು ತೆಗೆಯಬೇಡಿ. ‘ಕೂಗಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ್ರೋ, ಅವನ ಮನೆಗೆ ಹೋಗಿಬರೋಣ ಬನ್ನಿ’ ಎಂದಷ್ಟೇ ಹೇಳಿ. ಅಷ್ಟು ಹಳೆಯ ಗೆಳೆಯರಿಗೆ ಅದು ಸಾಕು. ಅವನ ಹೆಂಡತಿಯ ಹತ್ತಿರ ಕಾರ್ಯಕ್ರಮದ ಮಾತು ಎತ್ತುವ ಮುಂಚೆ ಅವನ ಮಾತಾಡಿ. 2003ರಲ್ಲಿ ಅರಮನೆ ಮೈದಾನಕ್ಕೆ ಹೋದ ಕತೆ ಹೇಳಿ, ಆಕೆಗೆ ಗೊತ್ತಿಲ್ಲದ ಕಾಲೇಜಿನ ಕತೆಗಳಿದ್ದರೆ ಅವನ್ನೂ. ಆಕೆ ಅತ್ತರೆ ಹೆದರಿ ವಿಷಯ ಬದಲಿಸಬೇಡಿ. ನಾಲ್ಕು ವರ್ಷದ ಹಿಂದೆ ಆ ಮನೆಯಲ್ಲಿ ನಡೆಯಬೇಕಿದ್ದದ್ದು ಅದೇ ತಾನೇ. ಆಮೇಲೆ ಆಕೆಯನ್ನೂ ಹುಡುಗನನ್ನೂ ಕೇಳಿ: ಹೀಗೊಂದು ಯೋಚನೆಯಿದೆ, ನಿಮಗೇನನ್ನಿಸುತ್ತದೆ? ಇಬ್ಬರಲ್ಲಿ ಯಾರಾದರೂ ಬೇಡವೆಂದರೆ ವಿಷಯ ಅಲ್ಲಿಗೆ ಬಿಡಿ. ಅಂದೇ ಉತ್ತರ ಬೇಕೆಂದು ಕೂರಬೇಡಿ.

ಹುಡುಗ ಒಪ್ಪಿದ ಎಂದೇ ಇಟ್ಟುಕೊಳ್ಳೋಣ. ಆಗ ದೊಡ್ಡ ಜವಾಬ್ದಾರಿ ನಿಮ್ಮದು, ಯಾಕೆಂದರೆ ಅವನ ಕೈ ಬಿದ್ದ ಪ್ರತಿ ಏಟನ್ನೂ ಅಪ್ಪನ ಏಟಿನ ಜೊತೆ ಹೋಲಿಸಿ ಕೇಳುವವರು ನೀವು. ಹೋಲಿಸದೆ ಇರಿ ಎಂದು ನಾನು ಹೇಳಿದರೆ ಅದು ಆಗದ ಮಾತು. ಮನಸ್ಸು ಹೋಲಿಸುತ್ತದೆ. ಬಾಯಲ್ಲಿ ಬರದಿದ್ದರೆ ಸಾಕು. ‘ನಿಮ್ಮಪ್ಪ ಇಲ್ಲಿ ಹೀಗೆ ರೋಲ್ ಹಾಕ್ತಿದ್ದ’ ಎಂದು ಅವನು ಕೇಳಿದಾಗ ಮಾತ್ರ ಹೇಳಿ. ಆ ಹುಡುಗನಿಗೆ ಅಪ್ಪನ ಇಪ್ಪತ್ತನೇ ವಯಸ್ಸನ್ನು ಕಂಡವರು ಇನ್ನು ಮೂವರೇ ಉಳಿದಿರುವುದು. ಅವನಿಗೆ ನಿಮ್ಮಿಂದ ಸಿಗಬಹುದಾದದ್ದು ಬಹಳ ಇದೆ, ನಿಮಗೆ ಅವನಿಂದ ಸಿಗುವುದಕ್ಕಿಂತ ಹೆಚ್ಚು.

ಸಮಾರಂಭಕ್ಕೆ ಹೆಸರು ಕೊಡುವ ಮುಂಚೆ ಯಾರಿಗೂ ಹೇಳದೆ ಬಾಗಿಲು ಮುಚ್ಚಿಕೊಂಡು ಒಂದು ಮಧ್ಯಾಹ್ನ ನುಡಿಸಿ ನೋಡಿ. ಗಂಟೆಗಿಷ್ಟು ಅಂತ ಬಾಡಿಗೆಗೆ ಕೊಡುವ ಜ್ಯಾಮ್ ರೂಮ್‌ಗಳು ಊರಲ್ಲಿ ಬೇಕಾದಷ್ಟಿವೆ. ಸುಲಭದ ಮೂರು ಹಾಡು ಸಾಕು. ಅವನದೇ ಎಂದು ನಿಮ್ಮ ನಾಲ್ವರಿಗೂ ಗೊತ್ತಿದ್ದ ಒಂದು ಹಾಡು ಇದ್ದೇ ಇರುತ್ತದೆ, ಅದನ್ನು ಮುಟ್ಟಬೇಡಿ, ಓ2ದಲ್ಲಿ ‘ಮೋಬಿ ಡಿಕ್’ ಬಿಟ್ಟ ಹಾಗೆ. ಬೆರಳು ಬಿಗಿದಿರುತ್ತದೆ, ಫೆಬ್ರುವರಿಗೆ ಸಮಯವೂ ಕಡಿಮೆ. ಹದಕ್ಕೆ ಬರದಿದ್ದರೆ ಮುಂದಿನ ವರ್ಷಕ್ಕೆ ಹಾಕಿ. ಲೈವ್ ಏಡ್ ಥರ ಆಗುವುದು ನಿಮ್ಮ ಗೆಳೆಯನಿಗೂ ಇಷ್ಟವಾಗುತ್ತಿರಲಿಲ್ಲ. ಹೆಸರಿನ ವಿಷಯದಲ್ಲಿ ನಾನು ನಿಮ್ಮ ಕಡೆ. ಹಳೆಯ ಹೆಸರು ನಾಲ್ವರದ್ದು. ಅದನ್ನು ಹಾಗೇ ಬಿಟ್ಟು, ಅವನ ನೆನಪಿಗೆ ಇಂತಿಂಥವರು ನುಡಿಸುತ್ತಾರೆ ಎಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿದರೆ ನಿಮ್ಮ ಅರ್ಧ ತಕರಾರು ಅಲ್ಲೇ ಕರಗುತ್ತದೆ. ಗೆಳೆಯರು ಇದಕ್ಕೆ ಬೇಡ ಎನ್ನಲಾರರು.

ಇಷ್ಟೆಲ್ಲ ಆದ ಮೇಲೂ ನಿಮ್ಮ ಮನಸ್ಸು ಒಪ್ಪದಿರಬಹುದು. ಒಪ್ಪಲೇಬೇಕೆಂದಿಲ್ಲ. ಕ್ವೀನ್‌ನ ಬೇಸ್ ವಾದಕ ಜಾನ್ ಡೀಕನ್‌ನನ್ನು ನೋಡಿ. ಫ್ರೆಡ್ಡಿ 1991ರ ನವೆಂಬರ್ 24ರಂದು ಹೋದ ಮೇಲೆ ಆತನಿಗೆ ವೇದಿಕೆಯೇ ಬೇಡವಾಯಿತು. 1997ರ ಹೊತ್ತಿಗೆ ಸದ್ದಿಲ್ಲದೆ ದೂರ ಸರಿದ. ಬ್ರಯಾನ್ ಮೇ ಮತ್ತು ರೋಜರ್ ಟೇಲರ್ ಮೊದಲು ಪಾಲ್ ರಾಜರ್ಸ್ ಜೊತೆ, ಆಮೇಲೆ ಆಡಮ್ ಲ್ಯಾಂಬರ್ಟ್ ಜೊತೆ ಊರೂರು ತಿರುಗಿದಾಗ ಆತ ಅಡ್ಡ ಬರಲಿಲ್ಲ, ಪತ್ರಿಕೆಗಳ ಮುಂದೆ ಕೆಸರೆರಚಲಿಲ್ಲ. ನೀವೂ ‘ನನ್ನ ಕೈಲಿ ಆಗಲ್ಲ ಕಣ್ರೋ, ನೀವು ನುಡಿಸಿ, ನಾನು ಬಂದು ಮುಂದೆ ಕೂರ್ತೀನಿ’ ಎನ್ನಬಹುದು. ಆಗ ಅವರು ಬೇರೆ ಗಿಟಾರ್‌ನವರನ್ನು ಹುಡುಕಿಕೊಳ್ಳಲಿ. ಬರುವುದಿಲ್ಲ ಎನ್ನಲು ನಿಮಗೆ ಹಕ್ಕಿದೆ. ಆ ಹುಡುಗ ಅಪ್ಪನ ಸ್ನೇಹಿತರ ಜೊತೆ ನುಡಿಸಬಾರದು ಎನ್ನುವ ಹಕ್ಕು ಮಾತ್ರ ನಿಮಗಿಲ್ಲ.

ನಿದ್ದೆಯ ವಿಷಯ ಬಿಡುವಂತಿಲ್ಲ. ಜುಲೈನಿಂದ ನಿದ್ದೆ ಕೆಟ್ಟಿದೆ, ಊಟವೂ ಸೇರುತ್ತಿಲ್ಲ ಎಂದರೆ ಇನ್ನು ಕಾಯಬೇಡಿ. ಈ ವಯಸ್ಸಿನಲ್ಲಿ ಥೈರಾಯ್ಡ್, ಸಕ್ಕರೆ, ಬಿಪಿ ಒಮ್ಮೆ ನೋಡಿಸಿಕೊಂಡು, ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಮನಸ್ಸಿನ ಭಾರದ ಮಾತನ್ನೂ ಹೇಳಿ. ರಾತ್ರಿ ಹೊತ್ತು ಯಾರ ಜೊತೆಗಾದರೂ ಮಾತಾಡಬೇಕೆನ್ನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿವೃತ್ತಿ ಹತ್ತಿರ ಬಂದಾಗ ಇಂಥ ಹಳೆಯ ಸಂಕಟಗಳು ಮೇಲೆ ಬರುವುದು ಸಾಮಾನ್ಯ, ಆದರೆ ಸಾಮಾನ್ಯ ಎಂದು ಸುಮ್ಮನೆ ಸಹಿಸಿಕೊಂಡು ಕೂರಬೇಡಿ.

ನಿಮ್ಮ ಕೊನೆಯ ಪ್ರಶ್ನೆ. ಹೌದು, ಕೇಳುತ್ತೇನೆ. ನಾನು ಮನಸಾರೆ ಒಪ್ಪುವ ರೀಯೂನಿಯನ್ ಪಿಂಕ್ ಫ್ಲಾಯ್ಡ್‌ನದು, 2005ರ ಜುಲೈ 2, ಲಂಡನ್ನಿನ ಹೈಡ್ ಪಾರ್ಕ್, ಲೈವ್ 8. ರೋಜರ್ ವಾಟರ್ಸ್ ಮತ್ತು ಡೇವಿಡ್ ಗಿಲ್ಮೋರ್ ಕೋರ್ಟಿಗೆ ಹೋಗುವಷ್ಟು ಜಗಳವಾಡಿದ್ದವರು, ನಾಲ್ವರೂ ಒಂದೇ ವೇದಿಕೆಯಲ್ಲಿ ನುಡಿಸಿ 24 ವರ್ಷವಾಗಿತ್ತು. ಜಗಳ ಬಗೆಹರಿಸಿಕೊಂಡು ಬಂದದ್ದಲ್ಲ, ಪಕ್ಕಕ್ಕಿಟ್ಟು ಬಂದದ್ದು. ಬ್ಯಾಂಡ್ ಕಟ್ಟಿ, ಮನಸ್ಸಿನ ಕಾಯಿಲೆಯಿಂದ ಬಹಳ ಹಿಂದೆಯೇ ದೂರವಾಗಿದ್ದ ಸಿಡ್ ಬ್ಯಾರೆಟ್‌ನನ್ನು ವಾಟರ್ಸ್ ವೇದಿಕೆಯ ಮೇಲೇ ನೆನೆದ. ಹಾಡು ಮುಗಿದ ಮೇಲೆ ನಾಲ್ವರೂ ಹೆಗಲ ಮೇಲೆ ಕೈ ಹಾಕಿ ನಿಂತರು. ಮರುವರ್ಷ ಜುಲೈನಲ್ಲಿ ಸಿಡ್ ಹೋದ. 2008ರ ಸೆಪ್ಟೆಂಬರ್‌ನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಕೂಡ ಹೋದ. ವಾಟರ್ಸ್ ಮತ್ತು ಗಿಲ್ಮೋರ್ ಆಮೇಲೆ ಮತ್ತೆ ಜಗಳಕ್ಕೇ ಬಿದ್ದರು, ಈಗಲೂ ಸರಿಯಿಲ್ಲ. ಹಾಗಿದ್ದರೂ ಆ ಸಂಜೆ ಆಗಿಹೋಗಿದೆ. ನಿಮ್ಮ ಗೆಳೆಯರಿಬ್ಬರಿಗೂ ನಿಮ್ಮದೇ ವಯಸ್ಸು. ಇವತ್ತೇ ಫೋನ್ ಮಾಡಿ.